ಏಳಿಗೆ ತಡೆಯುವ ಗುಳಿಗೆ

ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕ ಮಿತ್ರರು ನನ್ನ ಬೆನ್ನು ಹತ್ತಿ ತಿಂಗಳಾಯಿತು. ಕವಿತೆ ನನಗೆ ಬರುವುದಿಲ್ಲ. ಕತೆ ಬರೆದರೆ ಅದು ನಮ್ಮ ಮನೆಯದೇ ಎಂದು ಓದಿದವರಿಗೆಲ್ಲ ಗೊತ್ತಾಗಿಬಿಡುತ್ತದೆ. ಹಾಗಿದ್ದ ಮೇಲೆ ಮನೆಯದನ್ನೇ ನೇರವಾಗಿ ಬರೆದುಬಿಡೋಣ ಅಂತ ಕೂತಿದ್ದೇನೆ. ಬಿ.ಎಸ್‌ಸಿ.ಯಲ್ಲಿ ರಸಾಯನಶಾಸ್ತ್ರ ಓದಿ ಕನ್ನಡ ಎಂ.ಎ.ಗೆ ಬಂದವನು ನಾನು. “ಕೆಮಿಸ್ಟ್ರಿ ಬಿಟ್ಟು ಇಲ್ಲಿಗ್ಯಾಕೆ ಬಂದಿ ಮಾರಾಯ?” ಅಂತ ನಿಮ್ಮಲ್ಲಿ ಅನೇಕರು ಕ್ಯಾಂಟೀನಿನಲ್ಲಿ ಕೇಳಿದ್ದೀರಿ. ನಾನು ನಕ್ಕು, ಚಹಾ ಮುಗಿಸಿ, ಎದ್ದು ಹೋಗಿದ್ದೇನೆ. ಆ ಪ್ರಶ್ನೆಗೂ ಇದರಲ್ಲಿ ಉತ್ತರ ಸಿಕ್ಕೀತು.

ಮಲಾಡ್ ಪೂರ್ವದ ನಮ್ಮ ಒಂದೂವರೆ ಕೋಣೆಯ ಮನೆಯಲ್ಲಿ, ಅಡುಗೆ ಕಟ್ಟೆಯ ಮೇಲಿನ ಹಲಗೆಯಲ್ಲಿ ಒಂದು ದಪ್ಪ ಬಿಳಿ ಪ್ಲಾಸ್ಟಿಕ್ ಬಾಟಲಿ ಇದೆ. ಅಮ್ಮ ಅದರ ಚೀಟಿ ಕಿತ್ತು, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಊರಿನಿಂದ ಬಂದ ಮುರುಗಲ ಸಿಪ್ಪೆ ತುಂಬಿಟ್ಟಿದ್ದಾಳೆ. ಚೀಟಿ ಪೂರ್ತಿ ಕಿತ್ತು ಬಂದಿಲ್ಲ. ಒಂದು ಮೂಲೆಯಲ್ಲಿ ‘ಆಂಟಿ’ ಅನ್ನುವಷ್ಟು ಇಂಗ್ಲಿಷ್ ಅಕ್ಷರ ಇನ್ನೂ ಅಂಟಿಕೊಂಡಿದೆ. ಪಕ್ಕದ ಮನೆಯ ಪುಟ್ಟ ಹುಡುಗ ಅದನ್ನು ಕೂಡಿಸಿ ಓದಿ, “ಇದು ಯಾವ ಆಂಟಿಯದು?” ಅಂತ ಕೇಳಿದ್ದ. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಆ ಬಾಟಲಿಯನ್ನು ಮನೆಗೆ ತಂದವನು ನಾನು.

ಅಪ್ಪಯ್ಯನ ವಿಷಯ ಮೊದಲು ಹೇಳಬೇಕು. ಬೈಂದೂರಿನಿಂದ ಒಳಗೆ, ಕೊಲ್ಲೂರು ದಾರಿಯ ಒಂದು ಹಳ್ಳಿಯಿಂದ 1986ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿ ಬಸ್ಸು ಹತ್ತಿದವರು ಅವರು. ಆಗ ಕೊಂಕಣ ರೈಲು ಇರಲಿಲ್ಲ. ಅದು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ನಮ್ಮ ಕಡೆಯವರ ಹೊಟೇಲಿನಲ್ಲಿ ಟೇಬಲ್ ಒರೆಸುವುದರಿಂದ ಆರಂಭ, ಆಮೇಲೆ ಮಾಣಿ, ಆಮೇಲೆ ಚಹಾ ಕೌಂಟರು. ಗಲ್ಲೆಯ ಮೇಲೆ ಕೂರುವ ಯೋಗ ಮಾತ್ರ ಬರಲಿಲ್ಲ. ರಾತ್ರಿ ಶಾಲೆಯಲ್ಲಿ ಎಂಟನೆಯವರೆಗೆ ಕನ್ನಡದಲ್ಲಿ ಓದಿದ್ದಾರೆ. ಕನ್ನಡ ಪೇಪರನ್ನು ಜಾಹೀರಾತು ಸಮೇತ ಓದುತ್ತಾರೆ. ಇಂಗ್ಲಿಷ್ ಬಂದಲ್ಲಿ ಕಾಗದವನ್ನು ನನ್ನ ಕಡೆ ನೂಕುತ್ತಾರೆ. ಮೆಸ್ಕಾಂ ಇರುವ ಊರಿನ ತಮ್ಮನ ಮನೆಯ ಬಿಲ್ಲನ್ನು ಅವರೇ ಓದಬಲ್ಲರು. ನಮ್ಮ ಮನೆಯ ಬಿಲ್ಲಿಗೆ ನಾನು ಬೇಕು.

ಬೀಡಿ ಅಂಟಿಕೊಂಡದ್ದೂ ಆ ಹೊಟೇಲಿನ ಹಿಂಬಾಗಿಲಿನಲ್ಲೇ. ಮಧ್ಯಾಹ್ನದ ಊಟದ ಗಲಾಟೆ ಇಳಿದ ಮೇಲೆ ಹುಡುಗರೆಲ್ಲ ಹಿಂದಿನ ಓಣಿಯಲ್ಲಿ ಕೂತು ಒಂದೊಂದು ಹಚ್ಚುತ್ತಿದ್ದರಂತೆ. ಕೂತು ಐದು ನಿಮಿಷ ಸುಧಾರಿಸಿಕೊಳ್ಳಲು ಅದೊಂದೇ ನೆಪ. ಬೀಡಿ ಸೇದದವನಿಗೆ ಆ ಐದು ನಿಮಿಷವೂ ಸಿಗುತ್ತಿರಲಿಲ್ಲ. ಇನ್ನೊಂದು ವಿಚಿತ್ರ ನೋಡಿ: ಅದೇ ಕಾಲಕ್ಕೆ ಊರಿನಲ್ಲಿ ನಮ್ಮಮ್ಮ ತನ್ನ ಅಕ್ಕಂದಿರ ಜೊತೆ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು, ಸಾವಿರಕ್ಕೆ ಇಷ್ಟು ಅಂತ ಕೂಲಿಗೆ. “ನಾ ಕಟ್ಟಿದ್ದನ್ನೇ ಇವ್ರು ಸುಟ್ಟದ್ದು” ಅಂತ ಅಮ್ಮ ಈಗಲೂ ಹೇಳುತ್ತಾಳೆ.

ನಾನು ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದಾಗ ಅಪ್ಪಯ್ಯನಿಗೆ ಐವತ್ತು ತುಂಬಿತ್ತು. ಆ ಮಳೆಗಾಲ ಒಂದು ಕೆಮ್ಮು ಹಿಡಿದು, ಬಿಡಲಿಲ್ಲ. ಡಾಕ್ಟರು ಬೀಡಿ ಬಿಡಿ ಎಂದರು. ಅಪ್ಪಯ್ಯ ಹೆದರಿದ್ದರು. ದಿನಕ್ಕೆ ಒಂದೂವರೆ ಕಟ್ಟು ಸೇದುತ್ತಿದ್ದವರು ನಾಲ್ಕೈದು ಬೀಡಿಗೆ ಇಳಿದಿದ್ದರು. ಆ ಹೆದರಿಕೆ ಒಂದು ವರವಾಗಿತ್ತು ಎಂದು ನನಗೆ ಆಗ ತಿಳಿಯಲಿಲ್ಲ. ಅವರ ಹೆದರಿಕೆ ನೋಡಲಾರದೆ ಅದನ್ನು ಕಳೆಯುವ ಉಪಾಯ ಹುಡುಕಲು ಹೊರಟೆ.

ಉಪಾಯ ತಾನಾಗಿಯೇ ಬಂತು. ನಮ್ಮ ಊರ ಕಡೆಯವರೇ ಒಬ್ಬರು, ಒಳ್ಳೆಯ ಇಸ್ತ್ರಿ ಅಂಗಿಯವರು, ಮಲಾಡ್ ಪಶ್ಚಿಮದ ಒಂದು ಬಾಡಿಗೆ ಹಾಲಿನಲ್ಲಿ ಭಾನುವಾರ ‘ಆರೋಗ್ಯ ಉಪನ್ಯಾಸ’ ಇದೆ ಬಾ ಎಂದು ಕರೆದರು. ಚಹಾ, ಬಿಸ್ಕತ್ತು, ಮುಂದಿನ ಸಾಲಿನಲ್ಲಿ ಕುರ್ಚಿ. ಮೈಕಿನವರು ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ ಅಯೋಡಿನ್ ಹನಿ ಹಾಕಿದರು. ನೀರು ಕಂದು ಬಣ್ಣಕ್ಕೆ ತಿರುಗಿತು. “ಇದು ನಿಮ್ಮ ರಕ್ತ. ಹೊಗೆ, ಧೂಳು, ಚಿಂತೆಯಿಂದ ಹೀಗಾಗಿದೆ” ಎಂದರು. ಆಮೇಲೆ ಒಂದು ಲೋಟಕ್ಕೆ ಗುಳಿಗೆಯ ಪುಡಿ ಉದುರಿಸಿ ಕಲಕಿದರು. ಕಂದು ಬಣ್ಣ ಮಾಯ! ನೀರು ಸ್ವಚ್ಛ. ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯಲ್ಲಿ ನನ್ನ ಎರಡು ಕೈಯೂ ಇದ್ದವು.

ಓದುಗ ಮಿತ್ರರೇ, ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಅಯೋಡಿನ್ನಿಗೆ ಸಿ ಜೀವಸತ್ವ ಸೇರಿದರೆ ಬಣ್ಣ ಹೋಗುತ್ತದೆ ಎನ್ನುವುದು ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನೇ ಬ್ಯೂರೆಟ್ ಹಿಡಿದು ಮಾಡಿದ್ದ ಪ್ರಯೋಗ. ನಿಂಬೆಹಣ್ಣಿನಲ್ಲಿ ಸಿ ಎಷ್ಟಿದೆ ಎಂದು ಅಳೆಯುವುದೇ ಹಾಗೆ. ಎರಡು ರೂಪಾಯಿಯ ನಿಂಬೆಹಣ್ಣು ಹಿಂಡಿದ್ದರೂ ಆ ಲೋಟ ತಿಳಿಯಾಗುತ್ತಿತ್ತು. ಗೊತ್ತಿದ್ದದ್ದು ಆ ಹಾಲಿನಲ್ಲಿ ನೆನಪಾಗಲಿಲ್ಲ. ಅಪ್ಪಯ್ಯನ ಕೆಮ್ಮು ಮಾತ್ರ ನೆನಪಿತ್ತು. ಟ್ಯೂಷನ್ನಿನ ದುಡ್ಡಿನಲ್ಲಿ ಸಾವಿರದ ಎಂಟುನೂರು ರೂಪಾಯಿ ಎಣಿಸಿ ಕೊಟ್ಟು ಬಾಟಲಿ ತಂದೆ.

ಅಪ್ಪಯ್ಯ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. “ಎಂತದಾ ಮಾಣಿ ಇದು? ಕನ್ನಡದಲ್ಲಿ ಹೇಳ್ ಕಾಂಬ.”

ಆಂಟಿಆಕ್ಸಿಡೆಂಟ್ ಎಂಬ ಪದಕ್ಕೆ ಕನ್ನಡ ಪುಸ್ತಕಗಳಲ್ಲಿ ಉತ್ಕರ್ಷಣ ನಿರೋಧಕ ಎಂದಿದೆ. ನಾನು ಪಂಡಿತನ ಠೀವಿಯಲ್ಲಿ ಅದನ್ನೇ ಹೇಳಿದೆ.

ಅಪ್ಪಯ್ಯ ಸ್ವಲ್ಪ ಯೋಚಿಸಿದರು. “ಉತ್ಕರ್ಷ ಅಂದ್ರೆ ಏಳಿಗೆ ಅಲ್ದಾ? ಹಂಗಾರೆ ಇದ್ ಏಳಿಗೆ ತಡೆಯೂ ಗುಳಿಗೆಯಾ? ನನ್ ಏಳಿಗೆ ತಡೂಕೆ ಗುಳಿಗೆ ಬೇರೆ ಬೇಕಾ ಮಾಣಿ?”

ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು. ನಗು ನಿಂತ ಮೇಲೆ ನಾನು ವಿವರಿಸಿದೆ. ಆ ವಿವರಣೆ ತಪ್ಪೇನಲ್ಲ, ನಿಮಗೂ ಹೇಳುತ್ತೇನೆ. ಕಿಟಕಿಯ ಸರಳಿಗೆ ತುಕ್ಕು ಹಿಡಿಯುವುದು, ಹೆಚ್ಚಿದ ಬದನೆಕಾಯಿ ಕಪ್ಪಾಗುವುದು, ಹಳೇ ಎಣ್ಣೆ ಕಮಟುವುದು ಎಲ್ಲ ಉತ್ಕರ್ಷಣದ ಕೆಲಸ. ನಮ್ಮ ಮೈಯೊಳಗೆ ಉಸಿರಾಟ ನಡೆಯುವಾಗಲೂ ಜೋಡಿ ತಪ್ಪಿದ ಎಲೆಕ್ಟ್ರಾನುಳ್ಳ ಕಣಗಳು ಹುಟ್ಟುತ್ತವೆ. ಫ್ರೀ ರ‍್ಯಾಡಿಕಲ್ ಎಂದು ಇವಕ್ಕೆ ಹೆಸರು. ಬೀಡಿಯ ಹೊಗೆಯಲ್ಲಂತೂ ಇವು ದಂಡಿಯಾಗಿವೆ. ಇವುಗಳ ನಡತೆ ಬೆಳಿಗ್ಗೆ ಎಂಟೂವರೆಯ ಚರ್ಚ್‌ಗೇಟ್ ಗಾಡಿಯಲ್ಲಿ ಸೀಟಿಲ್ಲದೆ ಹತ್ತಿದವನ ನಡತೆ. ಕೂತವನೊಬ್ಬನನ್ನು ಎಬ್ಬಿಸಿ ತಾನು ಕೂರುತ್ತಾನೆ. ಎದ್ದವನು ಇನ್ನೊಬ್ಬನನ್ನು ಎಬ್ಬಿಸುತ್ತಾನೆ. ಮಲಾಡಿನಲ್ಲಿ ಶುರುವಾದ ಜಗಳ ದಾದರಿನವರೆಗೆ ಸಾಗುತ್ತದೆ. ನಡುವೆ ಯಾರಾದರೂ ಪುಣ್ಯಾತ್ಮ, “ನೀನೇ ಕೂತ್ಕೋ ಮಾರಾಯ, ನಾನು ನಿಲ್ತೇನೆ” ಎಂದು ಸೀಟು ಬಿಟ್ಟುಕೊಟ್ಟು ಸುಮ್ಮನೆ ನಿಂತರೆ ಜಗಳ ಅಲ್ಲಿಗೆ ನಿಲ್ಲುತ್ತದೆ. ಆ ಪುಣ್ಯಾತ್ಮನೇ ಉತ್ಕರ್ಷಣ ನಿರೋಧಕ. ಬಿಸಿಲಿನಲ್ಲಿ ನಿಂತೇ ಬದುಕಬೇಕಾದ ಗಿಡಮರಗಳು ತಮ್ಮ ರಕ್ಷಣೆಗಾಗಿ ಇಂಥವನ್ನು ಸಾವಿರಾರು ಬಗೆಯಲ್ಲಿ ಮಾಡಿಕೊಳ್ಳುತ್ತವೆ. ಗಜ್ಜರಿಯ ಕೇಸರಿ, ನೇರಳೆಯ ನೇರಳೆ, ಅರಿಸಿನದ ಹಳದಿ ಎಲ್ಲ ಆ ಬಳಗದ ಬಣ್ಣಗಳು. ಮುದಿತನಕ್ಕೂ ಫ್ರೀ ರ‍್ಯಾಡಿಕಲ್ಲುಗಳಿಗೂ ಸಂಬಂಧ ಉಂಟು ಎಂಬ ಸಿದ್ಧಾಂತವನ್ನು ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲೇ ಮುಂದಿಟ್ಟಿದ್ದರು.

ಇಷ್ಟು ಹೇಳಿ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಬಾಯಿ ನಿಲ್ಲಲಿಲ್ಲ. “ಬೀಡಿಯಿಂದ ಆದ ಹಾನಿಗೆ ಇದೇ ಮದ್ದು ಅಪ್ಪಯ್ಯ” ಎಂದುಬಿಟ್ಟೆ. ಈ ಒಂದು ವಾಕ್ಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಬಾಟಲಿಯ ಮೇಲೂ ಇರಲಿಲ್ಲ. ಅದು ನನ್ನ ಅನುವಾದ.

ಅಪ್ಪಯ್ಯ ದಿನಾ ರಾತ್ರಿ ಊಟದ ನಂತರ ತಪ್ಪದೆ ಗುಳಿಗೆ ನುಂಗಿದರು. ಮಗ ಕೊಟ್ಟದ್ದಲ್ಲವೇ! ಹೊಟೇಲಿನಲ್ಲಿ ಎಲ್ಲರಿಗೂ ಹೇಳಿಕೊಂಡರಂತೆ. ಮಳೆಗಾಲ ಮುಗಿದು ಕೆಮ್ಮು ಇಳಿಯಿತು. ನಾನು ಗುಳಿಗೆಯ ಪ್ರತಾಪ ಎಂದುಕೊಂಡೆ. ಎರಡನೆಯ ಬಾಟಲಿಯೂ ಬಂತು. ಒಂದು ದಿನ ಅವರ ಅಂಗಿ ಒಗೆಯಲು ತೆಗೆದುಕೊಂಡ ಅಮ್ಮ ಕಿಸೆಯಿಂದ ಬೀಡಿಯ ಪೂರಾ ಕಟ್ಟು ತೆಗೆದು ನನ್ನ ಮುಂದಿಟ್ಟಳು. ಏನೂ ಹೇಳಲಿಲ್ಲ. ಸಂಜೆ ನಾನು ಕೇಳಿದೆ. ಅಪ್ಪಯ್ಯ ಸಂಕೋಚದಿಂದ, “ಈಗ ಮದ್ದು ಉಂಟಲ್ದಾ ಮಾಣಿ, ಹಂಗಾಗಿ ಎರಡು ಹೆಚ್ಚಾಯ್ತು” ಎಂದರು.

ಮರುದಿನ ಕಾಲೇಜಿನಲ್ಲಿ ನಮ್ಮ ಪ್ರಾಧ್ಯಾಪಕಿಯೊಬ್ಬರ ಹತ್ತಿರ ಹೋಗಿ ಬಾಟಲಿ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಚೀಟಿಯ ಹಿಂಬದಿಯ ಸಣ್ಣ ಅಕ್ಷರ ಓದಿದರು. ದ್ರಾಕ್ಷಿ ಬೀಜ, ಹಸಿರು ಚಹಾ, ಸಿ, ಇ, ಬೀಟಾ ಕ್ಯಾರೊಟಿನ್. ಬೆರಳು ಕೊನೆಯದರ ಮೇಲೆ ನಿಂತಿತು. “ಯಾರಿಗೆ ಇದು?” ಎಂದರು. ತಂದೆಗೆ ಎಂದೆ. “ಸಿಗರೇಟು ಸೇದುತ್ತಾರಾ?” ಬೀಡಿ ಎಂದೆ. ಅವರು ಬಾಟಲಿಯನ್ನು ಮೇಜಿನ ಮೇಲಿಟ್ಟು, “ಫಿನ್ಲೆಂಡಿನ ಕತೆ ಓದಿಕೊಂಡು ಬಾ, ಆಮೇಲೆ ಮಾತಾಡೋಣ” ಎಂದರು.

ಓದಿದೆ. ಕತೆ ಹೀಗಿದೆ. ತರಕಾರಿ ಹಣ್ಣು ಹೆಚ್ಚು ತಿನ್ನುವವರಲ್ಲಿ, ರಕ್ತದಲ್ಲಿ ಬೀಟಾ ಕ್ಯಾರೊಟಿನ್ ಹೆಚ್ಚಿರುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಅನೇಕ ಕಡೆ ಕಂಡಿತ್ತು. ಹಾಗಾದರೆ ಆ ಕ್ಯಾರೊಟಿನ್ನನ್ನೇ ಗುಳಿಗೆ ಮಾಡಿ ಕೊಟ್ಟರೆ? 1985ರಲ್ಲಿ ಫಿನ್ಲೆಂಡಿನಲ್ಲಿ ಪ್ರಯೋಗ ಆರಂಭವಾಯಿತು. ಐವತ್ತರಿಂದ ಅರುವತ್ತೊಂಬತ್ತು ವಯಸ್ಸಿನ, ಸಿಗರೇಟು ಸೇದುವ 29,133 ಗಂಡಸರು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್, ಕೆಲವರಿಗೆ ಇ ಜೀವಸತ್ವ, ಕೆಲವರಿಗೆ ಎರಡೂ, ಉಳಿದವರಿಗೆ ಏನೂ ಇಲ್ಲದ ಸುಳ್ಳು ಗುಳಿಗೆ. ಐದರಿಂದ ಎಂಟು ವರ್ಷ ನುಂಗಿದರು. 1994ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಟ್ಟು 876 ಜನರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿತ್ತು. ಬೀಟಾ ಕ್ಯಾರೊಟಿನ್ ನುಂಗಿದ ಅರ್ಧದಲ್ಲಿ 474, ನುಂಗದ ಅರ್ಧದಲ್ಲಿ 402. ಗುಳಿಗೆ ನುಂಗಿದವರಲ್ಲಿ ಶೇಕಡಾ 18ರಷ್ಟು ಹೆಚ್ಚು!

ಇದು ಆಕಸ್ಮಿಕವಿರಬಹುದು ಎಂದುಕೊಳ್ಳಲೂ ಜಾಗ ಉಳಿಯಲಿಲ್ಲ. ಅಮೆರಿಕದಲ್ಲಿ ಇಂಥದೇ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಸಿಗರೇಟು ಸೇದುವವರು, ಬಿಟ್ಟವರು, ಕಲ್ನಾರಿನ ಕೆಲಸ ಮಾಡಿದವರು, ಒಟ್ಟು 18,314 ಜನ. ಅವರಿಗೆ ಬೀಟಾ ಕ್ಯಾರೊಟಿನ್ನಿನ ಜೊತೆ ಎ ಜೀವಸತ್ವ. ಅಲ್ಲಿಯೂ ಗುಳಿಗೆಯವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 28 ಹೆಚ್ಚಾಗಿ ಕಂಡು, 1996ರ ಜನವರಿಯಲ್ಲಿ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಹೊಗೆ ತುಂಬಿದ ಶ್ವಾಸಕೋಶದಲ್ಲಿ ಕ್ಯಾರೊಟಿನ್ ತಾನೇ ಒಡೆದು ಬೇರೆ ಹಾನಿಕರ ತುಣುಕುಗಳಾಗುತ್ತದೆ ಎನ್ನುವುದು ಇದಕ್ಕೆ ಕೊಡುವ ಒಂದು ವಿವರಣೆ.

ಆ ದಿನ ರಾತ್ರಿ ಬೊರಿವಲಿ ಸ್ಲೋ ಗಾಡಿಯಲ್ಲಿ ಬಾಗಿಲ ಹತ್ತಿರ ನಿಂತು ಬಂದೆ. ಗೋರೆಗಾಂವ್ ದಾಟಿದ್ದು ಗೊತ್ತು, ಮಲಾಡ್ ಬಂದದ್ದು ಗೊತ್ತಾಗಲಿಲ್ಲ. ಕಾಂದಿವಲಿಯಲ್ಲಿ ಇಳಿದು ತಿರುಗಿ ಬಂದೆ. ಐವತ್ತು ವಯಸ್ಸು, ಗಂಡಸು, ಸೇದುವವರು ಎಂದು ಆ ಪ್ರಬಂಧದಲ್ಲಿ ಬರೆದದ್ದು ನಮ್ಮ ಅಪ್ಪಯ್ಯನ ವರ್ಣನೆಯೇ ಆಗಿತ್ತು. ಅವರು ಗುಳಿಗೆ ನುಂಗಿದ್ದು ಐದು ತಿಂಗಳು. ಫಿನ್ಲೆಂಡಿನವರು ನುಂಗಿದ್ದು ವರ್ಷಗಟ್ಟಲೆ. ಐದು ತಿಂಗಳಿಗೆ ಹೆದರಬೇಡ ಎಂದು ಪ್ರಾಧ್ಯಾಪಕಿ ಸಮಾಧಾನ ಹೇಳಿದ್ದರು. “ಗುಳಿಗೆಗಿಂತ ಆ ಹೆಚ್ಚಾದ ಬೀಡಿಗೆ ಹೆದರು” ಎಂದೂ ಹೇಳಿದ್ದರು. ಆ ಎರಡನೆಯ ಮಾತು ಎದೆಯಲ್ಲಿ ಕೂತಿತ್ತು.

ಮನೆಗೆ ಬಂದಾಗ ಅಪ್ಪಯ್ಯ ಊಟ ಮುಗಿಸಿ ಬಾಟಲಿಗೆ ಕೈ ಚಾಚುತ್ತಿದ್ದರು. ನಾನು ಅದನ್ನು ಎತ್ತಿಕೊಂಡೆ. ನಾನು ತಪ್ಪು ಹೇಳಿದ್ದೆ ಎಂದೆ. ಫಿನ್ಲೆಂಡಿನ ಕತೆಯನ್ನು ಈ ಸಲ ಕನ್ನಡದಲ್ಲಿ, ಒಂದು ಲೆಕ್ಕವೂ ಬಿಡದೆ ಹೇಳಿದೆ. ಅಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಬಂದು ನಿಂತಳು. ಅಪ್ಪಯ್ಯ ಬಹಳ ಹೊತ್ತು ಸುಮ್ಮನಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

“ಹಂಗಾರೆ ಬೀಡಿ ಬಿಡೂದೊಂದೇ ದಾರಿಯಾ?” ಎಂದರು ಕೊನೆಗೆ.

ಹೌದು ಎಂದೆ.

“ಅದ್ ನಿಂಗೆ ಆಗ್ಳೇ ಗೊತ್ತಿತ್ತಲ್ದಾ?”

ಈ ಪ್ರಶ್ನೆಗೆ ನಾನು ಇವತ್ತಿನವರೆಗೆ ಉತ್ತರ ಕೊಟ್ಟಿಲ್ಲ. ಗೊತ್ತಿತ್ತು. ಡಾಕ್ಟರಿಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಬೀಡಿ ಬಿಡಿ ಎಂದು ದಿನಾ ಹೇಳುವುದು, ಬಿಡುವವರ ಸಿಡುಕು ಸಹಿಸುವುದು, ರಾತ್ರಿ ಜೊತೆಗೆ ಕೂರುವುದು ಕಷ್ಟದ ಕೆಲಸ. ಸಾವಿರದ ಎಂಟುನೂರು ಕೊಟ್ಟು ಬಾಟಲಿ ತರುವುದು ಸುಲಭ. ನಾನು ಸುಲಭದ್ದನ್ನು ಮಾಡಿದೆ, ಅದಕ್ಕೆ ವಿಜ್ಞಾನದ ಹೆಸರಿಟ್ಟೆ.

ಅಪ್ಪಯ್ಯ ಬೀಡಿ ಬಿಟ್ಟ ಚರಿತ್ರೆ ವೀರಗಾಥೆಯಲ್ಲ. ಮೊದಲ ವಾರ ಮನೆಯಲ್ಲಿ ತಟ್ಟೆ ಲೋಟ ಹಾರಿದವು. ಮೂರು ವಾರಕ್ಕೆ ಮತ್ತೆ ಹಚ್ಚಿದರು. ಮತ್ತೆ ಬಿಟ್ಟರು. ಊರಿನ ಮದುವೆಗೆ ಹೋಗಿ ಬಂದಾಗ ಕಿಸೆಯಲ್ಲಿ ಬೆಂಕಿಪೆಟ್ಟಿಗೆ ಇತ್ತು. ಹೋದ ದೀಪಾವಳಿಯಿಂದ ಈಚೆಗೆ ಪೂರ್ತಿ ನಿಂತಿದೆ. ಎಕ್ಸ್‌ರೇ ತೆಗೆಸಿದೆವು. ಏನೂ ಇಲ್ಲ ಎಂದರು. ಒಂದು ಎಕ್ಸ್‌ರೇ ಎಲ್ಲವನ್ನೂ ಹೇಳುವುದಿಲ್ಲ ಎಂದು ನನಗೆ ಗೊತ್ತು. ಅಪ್ಪಯ್ಯನಿಗೆ ಅದನ್ನು ಹೇಳಿದೆನೋ ಇಲ್ಲವೋ ಎಂದು ನೀವು ಕೇಳಿದರೆ, ಹೇಳಿದ್ದೇನೆ. ಇನ್ನು ಮೇಲೆ ಅರ್ಧ ಹೇಳುವುದಿಲ್ಲ ಎಂದು ಆಣೆ ಮಾಡಿಕೊಂಡಿದ್ದೇನೆ.

ಈಗ ಬಾಟಲಿಯೊಳಗಿನ ಮುರುಗಲಿಗೆ ಬರೋಣ. ತುಳುವರು ಇದನ್ನು ಪುನರ್ಪುಳಿ ಎನ್ನುತ್ತಾರೆ. ಮಲಾಡಿನ ಮರಾಠಿ ಅಂಗಡಿಗಳಲ್ಲಿ ಕೋಕಂ, ಆಮ್ಸೂಲ. ಏಪ್ರಿಲ್ ಮೇ ತಿಂಗಳಲ್ಲಿ ಹಣ್ಣಾಗುತ್ತದೆ. ಮಳೆ ಹಿಡಿಯುವ ಮೊದಲು ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಅದ್ದಿ ಒಣಗಿಸಬೇಕು. ಬೀಜದ ತುಪ್ಪ ಒಡೆದ ಹಿಮ್ಮಡಿಗೆ. ಸಿಪ್ಪೆ ನೆನೆಸಿ, ಕುದಿಸಿ, ಬೆಲ್ಲ, ಉಪ್ಪು, ಹಸಿಮೆಣಸು ಹಾಕಿ, ತೆಂಗಿನೆಣ್ಣೆಯಲ್ಲಿ ಜೀರಿಗೆ ಒಗ್ಗರಣೆ ಕೊಟ್ಟರೆ ಅಮ್ಮನ ಸಾರು. ಅದರ ಕೆಂಪು ಅಂಗಿಯ ಮೇಲೆ ಬಿದ್ದಾಗ ಸಾಬೂನು ಹಚ್ಚಿದರೆ ನೀಲಿಗೆ ತಿರುಗುತ್ತದೆ. ಆಮ್ಲ ಕ್ಷಾರಗಳ ಈ ಪಾಠ ಅಮ್ಮನಿಗೆ ನನಗಿಂತ ಮೊದಲೇ ಗೊತ್ತಿತ್ತು. ಆ ಕೆಂಪು ಆಂಥೋಸಯನಿನ್ ಎಂಬ ಬಣ್ಣದ್ದು. ಅದರ ಜೊತೆ ಗಾರ್ಸಿನಾಲ್ ಎಂಬ ಹಳದಿ ವಸ್ತುವೂ ಸಿಪ್ಪೆಯಲ್ಲಿದೆ. ಎರಡೂ ಉತ್ಕರ್ಷಣ ನಿರೋಧಕಗಳೇ. ದೂರದ ದೇಶದ ಮಾತಲ್ಲ, ನಮ್ಮ ಮುಂಬಯಿಯ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳೇ ಕೋಕಂ ಸಿಪ್ಪೆಯನ್ನೂ ಅದರ ಶರಬತ್ತನ್ನೂ ಪರೀಕ್ಷಿಸಿ, ಎರಡರಲ್ಲೂ ಈ ಗುಣ ಚೆನ್ನಾಗಿದೆ ಎಂದು 2006ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದಾರೆ.

ಇದನ್ನು ಓದಿ ಹೇಳಿದಾಗ ಅಮ್ಮನ ಮುಖ ಅರಳಿತು. ಆದರೆ ನಾನು ಅರ್ಧ ಹೇಳುವುದಿಲ್ಲವಲ್ಲ! ಆ ಪರೀಕ್ಷೆ ನಡೆದದ್ದು ಪ್ರಯೋಗಾಲಯದಲ್ಲಿ. ಗಾಜಿನ ನಳಿಗೆಯಲ್ಲಿ ಜಗಳ ನಿಲ್ಲಿಸಿದ ಪುಣ್ಯಾತ್ಮ ನಮ್ಮ ಹೊಟ್ಟೆ ಸೇರಿದ ಮೇಲೆ ಎಷ್ಟು ಉಳಿಯುತ್ತಾನೆ, ರಕ್ತಕ್ಕೆ ಎಷ್ಟು ಹೋಗುತ್ತಾನೆ ಎನ್ನುವುದು ಬೇರೆ ಲೆಕ್ಕ. ಇಂಥ ಬಹಳಷ್ಟು ವಸ್ತುಗಳು ರಕ್ತಕ್ಕೆ ಸೇರುವುದು ಅತ್ಯಲ್ಪ. ಯಾವ ಹಣ್ಣಿನಲ್ಲಿ ಈ ಶಕ್ತಿ ಎಷ್ಟು ಎಂದು ಅಮೆರಿಕದ ಕೃಷಿ ಇಲಾಖೆ ಒಂದು ದೊಡ್ಡ ಪಟ್ಟಿ ಮಾಡಿತ್ತು. ವ್ಯಾಪಾರಿಗಳು ಅದನ್ನು ಜಾಹೀರಾತಿಗೆ ಬಳಸುತ್ತಿದ್ದಾರೆ, ನಳಿಗೆಯ ಅಂಕೆಯಿಂದ ದೇಹದ ಆರೋಗ್ಯ ಹೇಳಲಾಗದು ಎಂದು 2012ರಲ್ಲಿ ತಾನೇ ಅದನ್ನು ತೆಗೆದುಹಾಕಿತು. ಇನ್ನೊಂದು ಮಾತು: ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಇದೇ ಉತ್ಕರ್ಷಕ ಕಣಗಳನ್ನು ಉಪಯೋಗಿಸುತ್ತವೆ. ಜಗಳಗಂಟರನ್ನೆಲ್ಲ ಊರು ಬಿಡಿಸಿದರೆ ಕಾವಲಿಗೆ ಯಾರು?

“ಹಂಗಾರೆ ನನ್ ಸಾರೂ ಸುಳ್ಳಾ?” ಎಂದು ಅಮ್ಮ ಕೇಳಿದಳು.

ಸಾರು ಸುಳ್ಳಲ್ಲ. ಕೋಕಂ ಬಂಧುವಾದ ಉಪ್ಪಾಗೆಯ ಕತೆ ಹೇಳಿದೆ. ಉತ್ತರ ಕನ್ನಡದ ಕಾಡಿನ ಆ ಹುಳಿ ಹಣ್ಣಿನ ಸಿಪ್ಪೆಯಲ್ಲಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಇದೆ. ಅದು ಬೊಜ್ಜು ಕರಗಿಸುತ್ತದೆ ಎಂದು ಗುಳಿಗೆ ಮಾಡಿ ಲೋಕವೆಲ್ಲ ಮಾರಿದರು. 1998ರಲ್ಲಿ ಅಮೆರಿಕದಲ್ಲಿ 135 ಜನರಿಗೆ ಹನ್ನೆರಡು ವಾರ ಕೊಟ್ಟು ನೋಡಿದಾಗ, ಸುಳ್ಳು ಗುಳಿಗೆಯವರಿಗಿಂತ ಹೆಚ್ಚೇನೂ ತೂಕ ಇಳಿಯಲಿಲ್ಲ. ಅಡುಗೆಯಲ್ಲಿ ಉಪ್ಪಾಗೆ ಹುಳಿ ಕೊಡುತ್ತಿತ್ತು, ಈಗಲೂ ಕೊಡುತ್ತದೆ. ಅದಕ್ಕೆ ಹೊರಿಸಿದ ಹೊರೆ ಅದು ಹೊರಲಿಲ್ಲ, ಅಷ್ಟೆ.

ಗಿಡದ್ದು ಎಂದ ಮಾತ್ರಕ್ಕೆ ಒಳ್ಳೆಯದು ಎಂಬ ಭ್ರಮೆಯೂ ನಮ್ಮಲ್ಲಿ ಇದೆ. ನಮ್ಮ ಅಡಿಕೆಯಲ್ಲಿ ಪಾಲಿಫಿನಾಲುಗಳು ಹೇರಳ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕಿನ ಹಸಿ ಎಲೆಯಲ್ಲೂ ಪಾಲಿಫಿನಾಲುಗಳಿವೆ. ಅಮ್ಮ ಕಟ್ಟಿ ಅಪ್ಪಯ್ಯ ಸುಟ್ಟದ್ದೂ ಎಲೆಯೇ ತಾನೆ?

ಹಾಗಾದರೆ ಹಣ್ಣು ತರಕಾರಿ ತಿಂದವರಿಗೆ ಕ್ಯಾನ್ಸರ್ ಕಡಿಮೆ ಎಂದು ಕಂಡದ್ದು? ಹಣ್ಣು ತರಕಾರಿಯಲ್ಲಿ ನಾರಿದೆ, ಪೊಟ್ಯಾಸಿಯಂ ಇದೆ, ನೂರಾರು ವಸ್ತುಗಳು ಕೂಡಿ ಇವೆ. ಅದನ್ನು ತಿನ್ನುವವನು ಕರಿದದ್ದನ್ನು ಅಷ್ಟು ಕಡಿಮೆ ತಿನ್ನುತ್ತಾನೆ. ಹಲವು ಸಲ ಅವನು ಬೀಡಿಯನ್ನೂ ಕಡಿಮೆ ಸೇದುತ್ತಾನೆ. ಇಡೀ ಬಾಳುವೆಯ ಗುಣವನ್ನು ಒಂದು ಬಣ್ಣದ ತಲೆಗೆ ಕಟ್ಟಿ, ಆ ಬಣ್ಣವನ್ನು ಮಾತ್ರ ಹಿಂಡಿ ತೆಗೆದು ಬಾಟಲಿಗೆ ತುಂಬಿದರು. ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಟಲಿಯ ಸಾವಿರದ ಎಂಟುನೂರಕ್ಕೆ ಸೋಮವಾರ ಬಜಾರಿನಲ್ಲಿ ಎಷ್ಟು ಹರಿವೆ, ಬಸಳೆ, ಪೇರಳೆ ಬರುತ್ತಿತ್ತು ಎಂದು ಅಮ್ಮ ಬೆರಳೆಣಿಸಿ ಲೆಕ್ಕ ಹಾಕಿದಳು. ನಾನು ಆ ಲೆಕ್ಕ ಕೇಳದವನಂತೆ ಪುಸ್ತಕ ಹಿಡಿದೆ.

ಕೆಮಿಸ್ಟ್ರಿ ಬಿಟ್ಟು ಕನ್ನಡಕ್ಕೆ ಯಾಕೆ ಬಂದೆ ಎಂಬುದಕ್ಕೆ ಈಗ ಉತ್ತರ. ನಿಜ ಹೇಳಬೇಕೆಂದರೆ ನಾನು ಕೆಮಿಸ್ಟ್ರಿ ಬಿಟ್ಟಿಲ್ಲ. ಆ ಬಾಟಲಿಯ ಚೀಟಿಯಲ್ಲಿ ಇಂಗ್ಲಿಷ್ ಇತ್ತು, ಹಿಂದಿ ಇತ್ತು; ಅಪ್ಪಯ್ಯನ ಭಾಷೆ ಇರಲಿಲ್ಲ. ನಡುವೆ ನಿಂತು ಅದನ್ನು ಕನ್ನಡಕ್ಕೆ ತಂದವನು ನಾನು, ಮತ್ತು ಕೆಟ್ಟದಾಗಿ ತಂದೆ. ಅವರು ನನ್ನ ಕನ್ನಡವನ್ನು ನಂಬಿ ನುಂಗಿದರು. ನಮ್ಮ ಮನೆಗಳಲ್ಲೆಲ್ಲ ಇಂಥ ಒಬ್ಬ ಅನುವಾದಕ ಇರುತ್ತಾನೆ. ಬಿಲ್ಲು, ಬ್ಯಾಂಕಿನ ಕಾಗದ, ಡಾಕ್ಟರ ಚೀಟಿ ಎಲ್ಲ ಅವನ ಮುಂದೆ ಬರುತ್ತದೆ. ಈ ಸಂಚಿಕೆ ಓದುವ ನಿಮ್ಮಲ್ಲಿ ಅರ್ಧಕ್ಕರ್ಧ ಜನ ನಿಮ್ಮ ನಿಮ್ಮ ಮನೆಯ ಅನುವಾದಕರೇ. ನಿಮ್ಮ ಅಪ್ಪಂದಿರೂ ಯಾವುದಾದರೂ ಬಾಟಲಿ ಹಿಡಿದು “ಕನ್ನಡದಲ್ಲಿ ಹೇಳ್ ಕಾಂಬ” ಎನ್ನುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಕೇಳಿಕೊಂಡು ಬರುತ್ತೇನೆ ಎನ್ನಿ. ನನ್ನ ಹಾಗೆ ಒಂದು ವಾಕ್ಯ ಸೇರಿಸಬೇಡಿ.

ಕಳೆದ ವಾರ ಅಪ್ಪಯ್ಯನ ಹೊಟೇಲಿಗೆ ಹೋಗಿದ್ದೆ. ಮಧ್ಯಾಹ್ನದ ಗಲಾಟೆ ಇಳಿದಿತ್ತು. ಹಿಂದಿನ ಓಣಿಯಲ್ಲಿ ಅಪ್ಪಯ್ಯ ಒಂದು ಡಬ್ಬದ ಮೇಲೆ ಕೂತಿದ್ದರು. ಸುತ್ತ ಮೂರ್ನಾಲ್ಕು ಹುಡುಗರು. ಬೀಡಿ ಇಲ್ಲದೆಯೂ ಐದು ನಿಮಿಷ ಕೂರುವ ಹಕ್ಕನ್ನು ಅಪ್ಪಯ್ಯ ಯಜಮಾನರ ಹತ್ತಿರ ಜಗಳ ಮಾಡಿ ಪಡೆದಿದ್ದಾರೆ. ಅಮ್ಮ ಕಳಿಸಿದ್ದ ಮುರುಗಲ ಪಾನಕವನ್ನು ಸ್ಟೀಲಿನ ಲೋಟಗಳಿಗೆ ಹೊಯ್ಯುತ್ತಿದ್ದರು. ಹೊಸದಾಗಿ ಬಂದ ಹುಡುಗನೊಬ್ಬ ಕೇಳಿದ: “ಅಣ್ಣಾ, ಇದ್ ಕುಡಿದ್ರೆ ಎಂತ ಒಳ್ಳೇದಾತ್ತು?”

ಅಪ್ಪಯ್ಯ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಅವನಿಗೆ ಹೇಳಿದರು: “ಸೆಕೆ ಕಮ್ಮಿ ಆತ್ತು. ಕುಡಿ.”